ಮನೆಯ ಬೆನ್ನಿಗೊಂದು ಕಾರು

ಕಾರೊಂದರ ಮೂತಿಗೆ ಹಗ್ಗ ಬಿಗಿದು ಲಾರಿಯೋ ಜೀಪೋ ಅದನ್ನು ಎಳೆದೊಯ್ಯುವ ದೃಶ್ಯ ನಮ್ಮ ಬೀದಿಗಳಲ್ಲಿ ಅಪರೂಪವಲ್ಲ. ನೋಡಿದವರು ಅದರ ಅರ್ಥವನ್ನು ಯಾರನ್ನೂ ಕೇಳಬೇಕಾಗಿಲ್ಲ. ಕಾರು ಕೆಟ್ಟಿದೆ, ಗ್ಯಾರೇಜಿಗೆ ಹೊರಟಿದೆ. ಹಿಂದಿನ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು ಕುಳಿತವನ ಮುಖವೇ ಮಿಕ್ಕ ಕಥೆಯನ್ನೆಲ್ಲ ಹೇಳುತ್ತದೆ. ಹಗ್ಗ ಸಡಿಲವಾದಾಗ ಒಮ್ಮೆ, ಬಿಗಿಯಾದಾಗ ಒಮ್ಮೆ ಅವನ ಜೀವ ಬಾಯಿಗೆ ಬರುತ್ತಿರುತ್ತದೆ.

ಅಮೆರಿಕದ ಹೆದ್ದಾರಿಗಳಲ್ಲಿ ಇದೇ ನೋಟ ಬೇರೊಂದು ರೂಪದಲ್ಲಿ ಕಾಣಸಿಗುತ್ತದೆ. ಮುಂದೆ ನಮ್ಮ ಸಾರಿಗೆ ಬಸ್ಸಿನಷ್ಟು ಉದ್ದದ, ಕಿಟಕಿಗಳಿಗೆ ಪರದೆ ಇಳಿಬಿಟ್ಟ ಒಂದು ವಾಹನ. ಅದರ ಬೆನ್ನಿಗೆ, ಕೆಲವೇ ಅಡಿಗಳ ಅಂತರದಲ್ಲಿ, ನಾಲ್ಕು ಚಕ್ರಗಳನ್ನೂ ನೆಲಕ್ಕೆ ಊರಿಕೊಂಡು ಗಂಟೆಗೆ 60 ಮೈಲಿ ವೇಗದಲ್ಲಿ ಓಡಿಬರುತ್ತಿರುವ ಒಂದು ಕಾರು. ಹೊಳೆಯುವ ಬಣ್ಣ, ಮೈಮೇಲೆ ಒಂದು ಗಾಯವೂ ಇಲ್ಲ. ಸ್ಟಿಯರಿಂಗಿನ ಮುಂದೆ ಮಾತ್ರ ಯಾರೂ ಇಲ್ಲ! ಮುಂದಿನ ವಾಹನ ಎಡಕ್ಕೆ ತಿರುಗಿದರೆ ಹಿಂದಿನ ಕಾರಿನ ಸ್ಟಿಯರಿಂಗ್ ತಾನೇ ತಾನಾಗಿ ಎಡಕ್ಕೆ ಹೊರಳುತ್ತದೆ; ಮುಂದೆ ಬ್ರೇಕು ಬಿದ್ದರೆ ಹಿಂದೆಯೂ ಕೆಂಪು ದೀಪ ಹೊತ್ತುತ್ತದೆ. ಮೊದಲ ಸಲ ನೋಡಿದವರು ದೆವ್ವ ಕಂಡಂತೆ ಬೆಚ್ಚಿದರೆ ಆಶ್ಚರ್ಯವೇನಿಲ್ಲ.

ಇಲ್ಲಿ ಕಾರು ಕೆಟ್ಟಿಲ್ಲ. ಅದು ಕೆಡಬಾರದೆಂಬುದೇ ಅದನ್ನು ಎಳೆಯುವವರ ದೊಡ್ಡ ಚಿಂತೆ. ಮುಂದಿರುವುದು ಮನೆ, ಹಿಂದಿರುವುದು ಆ ಮನೆಯವರು ಊರೊಳಗೆ ಓಡಾಡಲು ಇಟ್ಟುಕೊಂಡ ಗಾಡಿ. ಮನೆಗೂ ಗಾಡಿಗೂ ಬೆಸುಗೆ ಹಾಕುವ ಈ ಪದ್ಧತಿಯ ಹಿಂದೆ ಒಂದು ಸ್ವಾರಸ್ಯಕರವಾದ ಯಂತ್ರಶಾಸ್ತ್ರವೇ ಅಡಗಿದೆ.

ಮನೆ ಹೊರಟರೆ ಮನೆಯವರಿಗೆ ಕಷ್ಟ

ಚಕ್ರದ ಮೇಲೆ ಮನೆ ಕಟ್ಟಿಕೊಂಡು ದೇಶ ಸುತ್ತುವ ಹಂಬಲ ಅಮೆರಿಕದವರಿಗೆ ಮೋಟಾರು ಬಂದ ದಿನಗಳಿಂದಲೂ ಇದೆ. 1950ರ ದಶಕದ ಕೊನೆಯಲ್ಲಿ ಮಿಷಿಗನ್ ರಾಜ್ಯದ ರೇ ಫ್ರ್ಯಾಂಕ್ ಎಂಬಾತ ತನ್ನ ಸಂಸಾರಕ್ಕಾಗಿ ಇಂಥದೊಂದು ಗಾಡಿಯನ್ನು ಕಟ್ಟಿದ. ‘ಮೋಟಾರು ಮನೆ’ ಎಂಬ ಹೆಸರನ್ನು ಬಳಕೆಗೆ ತಂದ ಕೀರ್ತಿಯೂ ಅವನಿಗೇ ಸಲ್ಲುತ್ತದೆ. 1960ರಲ್ಲಿ ಸಾಹಿತಿ ಜಾನ್ ಸ್ಟೈನ್‌ಬೆಕ್ ತನ್ನ ನಾಯಿ ಚಾರ್ಲಿಯನ್ನು ಕೂರಿಸಿಕೊಂಡು, ಬೆನ್ನ ಮೇಲೆ ಕೋಣೆಯೊಂದನ್ನು ಹೊತ್ತ ಟ್ರಕ್ಕಿನಲ್ಲಿ ದೇಶವನ್ನೆಲ್ಲ ಸುತ್ತಿದ. 1962ರಲ್ಲಿ ಆ ಪ್ರವಾಸದ ಪುಸ್ತಕ ಹೊರಬಂದಿತು. 1966ರಿಂದ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಚಿಕ್ಕ ಊರಿನಲ್ಲಿ ವಿನ್ನೆಬೇಗೊ ಸಂಸ್ಥೆ ಮೋಟಾರು ಮನೆಗಳನ್ನು ಕಾರ್ಖಾನೆಯ ಸಾಲಿನಲ್ಲಿ ತಯಾರಿಸತೊಡಗಿತು. ಸಿರಿವಂತರ ಶೋಕಿಯಾಗಿದ್ದುದು ಮಧ್ಯಮ ವರ್ಗದ ನಿವೃತ್ತರ ಕೈಗೂ ಎಟುಕಿತು.

ಇಂಥ ಮನೆಯೊಳಗೆ ಅಡಿಗೆಯ ಒಲೆ, ತಂಗಳು ಪೆಟ್ಟಿಗೆ, ಮಂಚ, ಸ್ನಾನದ ಕೋಣೆ, ಶೌಚ ಎಲ್ಲವೂ ಉಂಟು. ದೊಡ್ಡವು 40 ಅಡಿಗಳನ್ನೂ ಮೀರುತ್ತವೆ. ತಂಗುದಾಣ ತಲುಪಿದ ಮೇಲೆ ನೀರಿನ ಕೊಳವೆಯನ್ನು ನಲ್ಲಿಗೆ ಸಿಕ್ಕಿಸಬೇಕು, ವಿದ್ಯುತ್ತಿನ ತಂತಿಯನ್ನು ಕಂಬದ ಪೆಟ್ಟಿಗೆಗೆ ಚುಚ್ಚಬೇಕು, ಕೊಳಚೆಯ ಕೊಳವೆಯನ್ನು ಗುಂಡಿಗೆ ಇಳಿಸಬೇಕು. ಗಾಡಿ ವಾಲದಂತೆ ನಾಲ್ಕು ಮೂಲೆಗೂ ಜಾಕ್ ಕೊಟ್ಟು ನೆಲಸಮ ಮಾಡಬೇಕು. ಬಾಗಿಲ ಮುಂದೆ ನೆರಳಿನ ಚಪ್ಪರವನ್ನು ಬಿಚ್ಚಬೇಕು. ಇಷ್ಟೆಲ್ಲ ಆಗಿ, ಕಾಫಿಗೆ ನೀರಿಟ್ಟ ಮೇಲೆ ಮನೆಯಾಕೆಗೆ ನೆನಪಾಗುತ್ತದೆ: ಹಾಲು ಮುಗಿದಿದೆ.

ಅಂಗಡಿ ಇರುವುದು 8 ಮೈಲಿ ಆಚೆ. ಮನೆಯ ಬಿಟ್ಟು ಬೇರೆ ಗಾಡಿಯಿಲ್ಲ. ಅಂದರೆ ಒಂದು ಸೀಸೆ ಹಾಲಿಗಾಗಿ ಕೊಳವೆ ಬಿಚ್ಚಿ, ತಂತಿ ಸುತ್ತಿ, ಜಾಕ್ ಎತ್ತಿ, ಚಪ್ಪರ ಮಡಿಚಿ, ಪಾತ್ರೆ ಪಡಗ ಉರುಳದಂತೆ ಬೀರುವಿನೊಳಗೆ ಸೇರಿಸಿ ಇಡೀ ಮನೆಯೇ ಪೇಟೆಗೆ ಹೊರಡಬೇಕು! ಒಂದು ಗ್ಯಾಲನ್ ಪೆಟ್ರೋಲಿಗೆ ಏಳೆಂಟು ಮೈಲಿ ಓಡುವ ಮನೆ ಅದು. ಪೇಟೆಯಲ್ಲಿ ಅದನ್ನು ನಿಲ್ಲಿಸಲು ತಾಣ ದೊರೆತರೆ ಪುಣ್ಯ.

ಪೇಟೆಯ ಮಾತು ಹೇಗೂ ಇರಲಿ, ನೋಡಬೇಕೆಂದು ಅಷ್ಟು ದೂರ ಬಂದ ತಾಣಕ್ಕೇ ಮನೆಗೆ ಪ್ರವೇಶವಿಲ್ಲದಿದ್ದರೆ? ಮಾಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ‘ಸೂರ್ಯನೆಡೆಗೆ ಹೋಗುವ ದಾರಿ’ ಎಂಬ ಸುಂದರ ಹೆಸರಿನ ರಸ್ತೆಯೊಂದಿದೆ. 1933ರಲ್ಲಿ ತೆರೆದ ಈ ರಸ್ತೆ ಬಂಡೆಯನ್ನು ಕೊರೆದು, ಪ್ರಪಾತದ ಅಂಚಿನಲ್ಲೇ ಸಾಗಿ, 6,646 ಅಡಿ ಎತ್ತರದ ಲೋಗನ್ ಕಣಿವೆದಾರಿಯನ್ನು ಹತ್ತಿ ಇಳಿಯುತ್ತದೆ. ಅದರ ಮುಖ್ಯ ಭಾಗದಲ್ಲಿ 21 ಅಡಿಗಿಂತ ಉದ್ದದ, ಕನ್ನಡಿಗಳೂ ಸೇರಿ 8 ಅಡಿಗಿಂತ ಅಗಲದ ವಾಹನಕ್ಕೆ ಅಪ್ಪಣೆಯಿಲ್ಲ. ಸಾವಿರಾರು ಮೈಲಿ ಬಂದ ಮೋಟಾರು ಮನೆ ಬೆಟ್ಟದ ಬುಡದಲ್ಲೇ ಉಳಿಯಬೇಕು. ಬೆನ್ನಿಗೆ ಒಂದು ಕಾರಿದ್ದವರು ಅದನ್ನು ಬಿಚ್ಚಿಕೊಂಡು ಬೆಟ್ಟ ಹತ್ತುತ್ತಾರೆ.

ಹಡಗಿಗೊಂದು ಡಿಂಗಿ

ಕಾರನ್ನು ಜೊತೆಗೆ ಒಯ್ಯಲು ಮೂರು ಬಗೆಗಳುಂಟು. ನಾಲ್ಕು ಚಕ್ರಗಳನ್ನೂ ಹೊತ್ತುಕೊಳ್ಳುವ ಟ್ರೇಲರಿನ ಮೇಲೆ ಕಾರನ್ನು ಹತ್ತಿಸಬಹುದು. ಇಲ್ಲವೆ ಮುಂದಿನ ಎರಡು ಚಕ್ರಗಳನ್ನು ಮಾತ್ರ ಒಂದು ಚಿಕ್ಕ ಎರಡು ಗಾಲಿಯ ಗಾಡಿಯ ಮೇಲೇರಿಸಿ, ಹಿಂದಿನವು ನೆಲದ ಮೇಲೆ ಉರುಳುವಂತೆ ಬಿಡಬಹುದು. ಟ್ರೇಲರು ಸುರಕ್ಷಿತವೇನೋ ನಿಜ. ಆದರೆ ಅದರ ತೂಕವೂ ಮನೆಯ ಮೇಲೆಯೇ ಬೀಳುತ್ತದೆ, ಮೇಲಾಗಿ ತಂಗುದಾಣದಲ್ಲಿ ಆ ಖಾಲಿ ಟ್ರೇಲರನ್ನು ಎಲ್ಲಿಡುವುದೆಂಬ ಹೊಸ ಪೀಕಲಾಟ. ಎರಡು ಗಾಲಿಯ ಗಾಡಿಯದೂ ಅದೇ ಹಣೆಬರಹ.

ಮೂರನೆಯದೇ ಈ ಲೇಖನದ ವಿಷಯ: ಯಾವ ಗಾಡಿಯ ನೆರವೂ ಇಲ್ಲದೆ ಕಾರನ್ನು ಅದರ ನಾಲ್ಕು ಚಕ್ರಗಳ ಮೇಲೆಯೇ ಓಡಿಸಿಕೊಂಡು ಹೋಗುವುದು. ಬಿಚ್ಚಿದ ಮೇಲೆ ಉಳಿಯುವುದು ಮಡಿಚಿಡಬಹುದಾದ ಒಂದು ಉಕ್ಕಿನ ಸಲಾಕೆ ಮಾತ್ರ.

ಹೀಗೆ ಎಳೆಯುವ ಕಾರಿಗೆ ಅಲ್ಲಿಯವರು ಇಟ್ಟಿರುವ ಹೆಸರುಗಳು ಎರಡು. ‘ಟೋಡ್’ ಎಂಬುದು ತಮಾಷೆಯದು. ‘ಎಳೆಯಲ್ಪಟ್ಟದ್ದು’ ಎಂಬರ್ಥದ ಇಂಗ್ಲಿಷ್ ಪದವೂ ನೆಲಗಪ್ಪೆಯ ಹೆಸರೂ ಕಿವಿಗೆ ಒಂದೇ ಆಗಿ ಕೇಳುವುದರಿಂದ ಕಾರು ಕಪ್ಪೆಯಾಯಿತು. ಇನ್ನೊಂದು ಹೆಸರು ‘ಡಿಂಗಿ’. ದೊಡ್ಡ ನೌಕೆಯ ಹಿಂದೆ ಕಟ್ಟಿಕೊಂಡು ಬರುವ ಪುಟ್ಟ ದೋಣಿ. ನೌಕೆ ಆಳದ ನೀರಿನಲ್ಲಿ ಲಂಗರು ಹಾಕಿದ ಮೇಲೆ ದಡಕ್ಕೆ ಹೋಗಿಬರಲು ಒದಗುವುದು. ಹೋಲಿಕೆ ಎಷ್ಟು ಸೊಗಸಾಗಿದೆ! ಆ ಪದವಾದರೂ ಇಂಗ್ಲಿಷರ ಸ್ವಂತ ಆಸ್ತಿಯಲ್ಲ. ನಮ್ಮ ದೇಶದ ನದಿಗಳಲ್ಲಿ ಓಡಾಡುವ ‘ಡಿಂಗಿ’ ದೋಣಿಯ ಹೆಸರನ್ನೇ ಅವರು ಹಿಂದಿ, ಬಂಗಾಳಿ ಭಾಷೆಗಳಿಂದ ಹೊತ್ತೊಯ್ದರು. ಗಂಗೆಯ ದೋಣಿಯ ಹೆಸರು ಅರಿಜೋನಾದ ಮರುಭೂಮಿಯಲ್ಲಿ ಜೀಪಿಗೆ ಅಂಟಿಕೊಂಡಿದೆ.

ನೀರಿಲ್ಲದ ಒರಳು

ಎಲ್ಲ ಕಾರುಗಳನ್ನೂ ಹೀಗೆ ಎಳೆಯಬಹುದೆ ಎಂದರೆ, ಇಲ್ಲ. ಇದನ್ನು ಅರಿಯದೆ ಕೈಹಾಕಿದವರು ಸಾವಿರಾರು ಡಾಲರುಗಳನ್ನು ತೆತ್ತಿದ್ದಾರೆ.

ತಾನೇ ಗೇರು ಬದಲಿಸುವ ಕಾರುಗಳು ಅಮೆರಿಕದಲ್ಲಿ ಬಹುಕಾಲದಿಂದ ಸಾಮಾನ್ಯ. ಅಂಥ ಗೇರುಪೆಟ್ಟಿಗೆಯೊಳಗೆ ಹಲ್ಲುಚಕ್ರಗಳೂ ತಟ್ಟೆಗಳೂ ಒತ್ತಾಗಿ ಕೂತು ಒಂದಕ್ಕೊಂದು ಉಜ್ಜುತ್ತ ತಿರುಗುತ್ತವೆ. ಅವು ಸುಟ್ಟುಹೋಗದಂತೆ ಕಾಪಾಡುವುದು ಎಣ್ಣೆ. ಆ ಎಣ್ಣೆಯನ್ನು ತಳದ ತೊಟ್ಟಿಯಿಂದ ಎತ್ತಿ ಎಲ್ಲೆಡೆಗೂ ಹರಿಸಲು ಒಂದು ಪಂಪು ಉಂಟು. ಆ ಪಂಪನ್ನು ತಿರುಗಿಸುವುದು ಎಂಜಿನ್, ಚಕ್ರಗಳಲ್ಲ. ಎಳೆಯುವಾಗ ಹಿಂದಿನ ಕಾರಿನ ಎಂಜಿನ್ ನಿದ್ದೆಯಲ್ಲಿರುತ್ತದೆ, ಪಂಪೂ ನಿದ್ದೆಯಲ್ಲಿರುತ್ತದೆ. ಆದರೆ ರಸ್ತೆಯ ಮೇಲೆ ಉರುಳುವ ಚಕ್ರಗಳು ತಮ್ಮ ಕಡೆಯ ದಂಡವನ್ನು ತಿರುಗಿಸುತ್ತಲೇ ಇರುತ್ತವೆ. ಎಣ್ಣೆಯೆಲ್ಲ ತಳದಲ್ಲಿ, ಮೇಲೆ ಒಣ ಉಕ್ಕು ಉಕ್ಕನ್ನು ತಿನ್ನುವ ಕೆಲಸ. ಉದ್ದಿನ ಬೇಳೆಯನ್ನು ನೀರು ಹನಿಸದೆ ಒರಳಿನಲ್ಲಿ ರುಬ್ಬಿದರೆ ಏನಾದೀತೆಂದು ಯಾವ ಗೃಹಿಣಿಯಾದರೂ ಹೇಳಬಲ್ಲಳು. ಕೆಲವು ಗಂಟೆಗಳ ಪ್ರಯಾಣದಲ್ಲಿ ಗೇರುಪೆಟ್ಟಿಗೆ ಗುಜರಿಯ ಮಾಲಾಗುತ್ತದೆ.

ಕೈಯಿಂದ ಗೇರು ಬದಲಿಸುವ ಕಾರುಗಳಲ್ಲಿ ಪಂಪಿನ ಹಂಗು ಸಾಮಾನ್ಯವಾಗಿ ಇರುವುದಿಲ್ಲ. ಪೆಟ್ಟಿಗೆಯ ತಳದಲ್ಲಿರುವ ಎಣ್ಣೆಯನ್ನು ಹಲ್ಲುಚಕ್ರಗಳೇ ಎರಚಿಕೊಳ್ಳುತ್ತವೆ. ಹಾಗೆಂದು ಅವೆಲ್ಲವೂ ಯೋಗ್ಯವಲ್ಲ. ನ್ಯೂಟ್ರಲ್‌ನಲ್ಲಿ ಯಾವ ಚಕ್ರ ತಿರುಗುತ್ತದೆ, ಯಾವುದು ನಿಂತಿರುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ತಯಾರಕರ ಕೈಪಿಡಿಯಲ್ಲಿ ‘ಎಳೆಯಬಹುದು’ ಎಂದು ಬರೆದಿದ್ದರೆ ಮಾತ್ರ ನಂಬಬೇಕು, ಮಾರುವವನ ನಾಲಗೆಯನ್ನಲ್ಲ.

ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆದ್ದುದು ಜೀಪ್ ರಾಂಗ್ಲರ್. ನಾಲ್ಕು ಚಕ್ರಗಳಿಗೂ ಶಕ್ತಿ ಹಂಚುವ ಅದರಲ್ಲಿ ಗೇರುಪೆಟ್ಟಿಗೆಯ ಹಿಂದೆ ಇನ್ನೊಂದು ಹಂಚುಪೆಟ್ಟಿಗೆ ಇದೆ. ಅದಕ್ಕೆ ತನ್ನದೇ ಆದ ನ್ಯೂಟ್ರಲ್ ಸ್ಥಾನವೂ ಉಂಟು. ಸನ್ನೆಗೋಲನ್ನು ಅಲ್ಲಿಗೆ ತಂದರೆ ಚಕ್ರಗಳಿಗೂ ಗೇರುಪೆಟ್ಟಿಗೆಗೂ ನಂಟೇ ಕಡಿದುಹೋಗುತ್ತದೆ. ಚಕ್ರಗಳು ಸಾವಿರ ಮೈಲಿ ಉರುಳಲಿ, ಗೇರುಪೆಟ್ಟಿಗೆಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಮೋಟಾರು ಮನೆಗಳ ಹಿಂದೆ ಜೀಪುಗಳು ಅಷ್ಟೊಂದು ಕಾಣುವುದಕ್ಕೆ ಇದೇ ಕಾರಣ.

ಹೋಂಡಾ ಸಿಆರ್-ವಿ ಕಾರಿನದು ಬೇರೊಂದು ಕಥೆ. ತಾನೇ ಗೇರು ಬದಲಿಸುವುದಾದರೂ 2014ರ ಮಾದರಿಯವರೆಗೆ ಅದನ್ನು ಎಳೆಯಲು ತಯಾರಕರ ಅನುಮತಿಯಿತ್ತು. ಆದರೆ ಒಂದು ಸಣ್ಣ ವ್ರತವನ್ನು ತಪ್ಪದೆ ಆಚರಿಸಬೇಕು. ಎಂಜಿನನ್ನು ಚಾಲೂ ಮಾಡಿ, ಬ್ರೇಕು ತುಳಿದು, ಗೇರಿನ ಕೋಲನ್ನು ಎಲ್ಲ ಸ್ಥಾನಗಳಿಗೂ ಒಯ್ದು, ಮುನ್ನಡೆಯ ಗೇರಿನಲ್ಲಿ 5 ಸೆಕೆಂಡು ಹಿಡಿದು, ಅನಂತರ ನ್ಯೂಟ್ರಲ್‌ಗೆ ತಂದು 3 ನಿಮಿಷ ಎಂಜಿನ್ ಓಡಿಸಿ ಆರಿಸಬೇಕು. ಹಿನ್ನಡೆಯ ಗೇರಿನಿಂದ ನೇರವಾಗಿ ನ್ಯೂಟ್ರಲ್‌ಗೆ ತಂದರೆ ಪೆಟ್ಟಿಗೆ ಹಾಳು. ದಿನಕ್ಕೆ 8 ಗಂಟೆಗೂ ಹೆಚ್ಚು ಪ್ರಯಾಣವಾದರೆ ಮತ್ತೊಮ್ಮೆ ಇದೇ ಕ್ರಮ. ವೇಗ 65 ಮೈಲಿ ಮೀರಬಾರದು. 2015ರ ಮಾದರಿಯಲ್ಲಿ ಬೇರೆ ತರಹದ ಗೇರುಪೆಟ್ಟಿಗೆ ಬಂದಿತು, ಅನುಮತಿಯೂ ಹೋಯಿತು. ಹಳೆಯ ಸಿಆರ್-ವಿ ಇಟ್ಟುಕೊಂಡವರು ಅದನ್ನು ಜೋಪಾನ ಮಾಡತೊಡಗಿದರು. ಸ್ಯಾಟರ್ನ್ ಎಂಬ ಇನ್ನೊಂದು ಕಾರಿನ ಗತಿಯೂ ಹಾಗೆಯೇ: 2010ರಲ್ಲಿ ಆ ಹೆಸರಿನ ಸಂಸ್ಥೆಯೇ ಮುಚ್ಚಿಹೋದರೂ, ಸ್ವಯಂಚಾಲಿತ ಗೇರಿದ್ದೂ ನೆಲದ ಮೇಲೆ ಎಳೆಸಿಕೊಳ್ಳಬಲ್ಲ ಗುಣಕ್ಕಾಗಿ ಹಳೆಯ ಸ್ಯಾಟರ್ನ್‌ಗಳನ್ನು ಹುಡುಕಿ ಕೊಂಡವರಿದ್ದರು.

ಹಗುರವೆಂದು ಮೆಚ್ಚುಗೆ ಪಡೆದ ಮತ್ತೊಂದು ಪುಟ್ಟ ಕಾರು ಜಿಯೋ ಮೆಟ್ರೋ. ಹೆಸರು ಅಮೆರಿಕದ್ದಾದರೂ ಬೀಜ ಸುಜುಕಿಯದು. ನಮ್ಮ ರಸ್ತೆಗಳಲ್ಲಿ 1990ರ ದಶಕದಲ್ಲಿ ಮೆರೆದ ಮಾರುತಿ 1000, ಎಸ್ಟೀಮ್ ಕಾರುಗಳು ಇದರ ದಾಯಾದಿಗಳೇ. ವಿದ್ಯುತ್ ಕಾರುಗಳ ಕಾಲ ಬಂದ ಮೇಲೆ ಹೊಸ ತೊಡಕು ಹುಟ್ಟಿದೆ. ಟೆಸ್ಲಾ ಮೊದಲಾದವುಗಳಲ್ಲಿ ಚಕ್ರ ತಿರುಗಿದರೆ ಮೋಟಾರೂ ತಿರುಗುತ್ತದೆ. ಮೋಟಾರು ತಿರುಗಿದರೆ ಅದೇ ಡೈನಮೋ ಆಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ, ಬಿಸಿಯಾಗುತ್ತದೆ. ಟೆಸ್ಲಾದ ಕೈಪಿಡಿ ಚಕ್ರಗಳನ್ನು ನೆಲಕ್ಕೆ ತಾಗಿಸಿ ಎಳೆಯಬಾರದೆಂದು ಖಂಡಿತವಾಗಿ ವಿಧಿಸುತ್ತದೆ.

ಬೆಸುಗೆಯ ಸಾಮಾನು

ನಮ್ಮಲ್ಲಿಯ ಹಗ್ಗಕ್ಕೂ ಅಲ್ಲಿಯ ಸಲಾಕೆಗೂ ಇರುವ ಭೇದ ದೊಡ್ಡದು. ಹಗ್ಗ ಎಳೆಯಬಲ್ಲದು, ತಡೆಯಲಾರದು. ಮುಂದಿನ ವಾಹನ ನಿಂತರೆ ಹಿಂದಿನದು ಹೋಗಿ ಡಿಕ್ಕಿ ಹೊಡೆಯುತ್ತದೆ. ಆದ್ದರಿಂದಲೇ ಅಲ್ಲೊಬ್ಬ ಮನುಷ್ಯ ಕುಳಿತಿರಬೇಕು. ಟೋ ಬಾರ್ ಎಂಬುದು ತ್ರಿಕೋಣಾಕಾರದ ಉಕ್ಕಿನ ಸಾಧನ. ತುದಿ ಮೋಟಾರು ಮನೆಯ ಹಿಂಬದಿಯಲ್ಲಿರುವ ಎರಡಂಗುಲ ಚೌಕದ ಗೂಡಿಗೆ ಸೇರುತ್ತದೆ; ಎರಡು ಬಾಹುಗಳು ಕಾರಿನ ಮುಂಭಾಗವನ್ನು ಹಿಡಿಯುತ್ತವೆ. ಹಿಡಿಯುವುದು ಬಂಪರನ್ನಲ್ಲ. ಬಂಪರಿನ ಹಿಂದೆ ಕಾರಿನ ಚೌಕಟ್ಟಿಗೇ ಬೋಲ್ಟು ಹಾಕಿ ಕೂರಿಸಿದ ಬೇಸ್ ಪ್ಲೇಟ್ ಎಂಬ ಉಕ್ಕಿನ ಫಲಕವನ್ನು. ಪ್ರತಿಯೊಂದು ಮಾದರಿಗೂ ಬೇರೆ ಫಲಕ. ಅದನ್ನು ಕೂರಿಸಲು ಕಾರಿನ ಮುಖವನ್ನೇ ಕಳಚಿ ಮತ್ತೆ ಜೋಡಿಸಬೇಕಾಗುತ್ತದೆ. ಹೊಸ ಕಾರಿಗೆ ಮೂಗು ಚುಚ್ಚಿಸುವಾಗ ಯಜಮಾನನ ಎದೆ ಡವಗುಟ್ಟದೆ ಇರದು.

ಒಳ್ಳೆಯ ಸಲಾಕೆಯ ಬಾಹುಗಳು ಕೊಳವೆಯೊಳಗೆ ಕೊಳವೆ ಜಾರುವಂತೆ ಉದ್ದವಾಗಬಲ್ಲವು, ಗಿಡ್ಡವಾಗಬಲ್ಲವು. ಕಾರನ್ನು ಅಂಗುಲ ತಪ್ಪದಂತೆ ನೇರವಾಗಿ ತಂದು ನಿಲ್ಲಿಸಬೇಕಾಗಿಲ್ಲ. ಒಂದಿಷ್ಟು ವಾರೆಯಾಗಿದ್ದರೂ ಕೊಂಡಿ ಸಿಕ್ಕಿಸಿ ಹತ್ತು ಮಾರು ಮುಂದೆ ಹೋದರೆ ಬಾಹುಗಳು ತಾವೇ ಎಳೆದುಕೊಂಡು ಸಮವಾಗಿ ಬೀಗ ಬೀಳುತ್ತವೆ. ಸಲಾಕೆ ಹೆಚ್ಚುಕಡಮೆ ನೆಲಕ್ಕೆ ಸಮಾಂತರವಾಗಿರಬೇಕು. ಮೂರು ನಾಲ್ಕು ಅಂಗುಲಕ್ಕಿಂತ ಹೆಚ್ಚು ಓರೆಯಾದರೆ, ಜೋರಾಗಿ ಬ್ರೇಕು ಹಾಕಿದಾಗ ಕಾರು ಮನೆಯ ಕೆಳಗೆ ನುಗ್ಗಲು ಅಥವಾ ಮೇಲೇರಲು ನೋಡುತ್ತದೆ.

ಇದರ ಜೊತೆಗೆ ಎರಡು ಉಕ್ಕಿನ ಹಗ್ಗಗಳು, ಸಲಾಕೆ ಮುರಿದರೂ ಕಾರು ಕೈಬಿಡದಂತೆ ಅಡ್ಡಡ್ಡವಾಗಿ ಕಟ್ಟಿದವು. ಒಂದು ವಿದ್ಯುತ್ತಿನ ತಂತಿ, ಮನೆಯ ದೀಪಗಳ ಸಂಜ್ಞೆಯನ್ನು ಕಾರಿನ ದೀಪಗಳಿಗೆ ಮುಟ್ಟಿಸಲು. ಇನ್ನೊಂದು ಸಣ್ಣ ತಂತಿಯ ತುದಿಯಲ್ಲಿ ಒಂದು ಪಿನ್ನು: ಎಲ್ಲ ಬಂಧನಗಳೂ ಕಡಿದು ಕಾರು ಬೇರೆಯಾದರೆ ಆ ಪಿನ್ನು ಕಿತ್ತುಬಂದು ಕಾರಿನ ಬ್ರೇಕು ತಾನೇ ಬೀಳುತ್ತದೆ. ಆ ಪಿನ್ನಿನ ಬೆಲೆ ಅಲ್ಪ. ಆದರೆ ಎದುರಿನಿಂದ ಬರುತ್ತಿರುವ ಯಾರದೋ ಮಕ್ಕಳು ಮರಿಗಳ ಪ್ರಾಣ ಅದರಲ್ಲಿದೆ.

ಇಳಿಜಾರಿನ ಪರೀಕ್ಷೆ

ಸಮತಟ್ಟು ದಾರಿಯಲ್ಲಿ ಹಿಂದೆ ಕಾರಿದೆಯೆಂಬುದೇ ಚಾಲಕನಿಗೆ ಮರೆತುಹೋಗುತ್ತದೆ. ನೆನಪಾಗುವುದು ಇಳಿಜಾರಿನಲ್ಲಿ.

ಕೊಲರಾಡೋ ರಾಜ್ಯದ ರಾಕಿ ಪರ್ವತಗಳನ್ನು ಕೊರೆದು 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ 11,000 ಅಡಿಗೂ ಮಿಗಿಲಾದ ಎತ್ತರದಲ್ಲಿದೆ. ಅದರ ಪಶ್ಚಿಮದ ಬಾಯಿಂದ ಹೊರಬಿದ್ದ ಹೆದ್ದಾರಿ ಸಿಲ್ವರ್‌ಥಾರ್ನ್ ಊರಿನವರೆಗೆ ಸುಮಾರು 8 ಮೈಲಿಯಲ್ಲಿ 2,000 ಅಡಿಗೂ ಹೆಚ್ಚು ಕೆಳಕ್ಕೆ ಧುಮುಕುತ್ತದೆ. ಬ್ರೇಕು ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಪಕ್ಕದಲ್ಲಿ ಏರುದಿಬ್ಬಗಳನ್ನು ಕಟ್ಟಿದ್ದಾರೆಂದರೆ ಆ ಇಳಿಜಾರಿನ ಸ್ವಭಾವ ಊಹಿಸಬಹುದು. ಆಗುಂಬೆಯ ಘಾಟಿಯನ್ನು ತುಂಬಿದ ಬಸ್ಸಿನಲ್ಲಿ ಇಳಿದವರಿಗೆ ಬ್ರೇಕು ಸುಟ್ಟ ವಾಸನೆಯ ಪರಿಚಯ ಇದ್ದೀತು. ಅಲ್ಲಾದರೋ ತಿರುವುಗಳು ವೇಗವನ್ನು ಕಟ್ಟಿಹಾಕುತ್ತವೆ. ಇಲ್ಲಿ ಅಗಲವಾದ ನೇರ ದಾರಿ ಬಾ ಎಂದು ಕರೆಯುತ್ತದೆ.

ಗಂಟೆಗೆ 60 ಮೈಲಿ ವೇಗದಲ್ಲಿರುವ ಯಾವ ವಸ್ತುವಾದರೂ ಸುಮಾರು 120 ಅಡಿ ಎತ್ತರದಿಂದ ನೆಲಕ್ಕೆ ಅಪ್ಪಳಿಸುವ ವಸ್ತುವಿನಷ್ಟೇ ಹುರುಪು ಹೊಂದಿರುತ್ತದೆ. ಹಿಂದಿನ ಕಾರಿನ ತೂಕ 4,000 ಪೌಂಡು, ಅಂದರೆ 1,800 ಕಿಲೋಗ್ರಾಮ್ ಎನ್ನೋಣ. ಬ್ರೇಕು ಹಾಕಿದೊಡನೆ ಹತ್ತು ಹನ್ನೆರಡು ಮಹಡಿಯ ಮೇಲಿಂದ ಬಿದ್ದ ಕಾರಿನ ಹುರುಪೆಲ್ಲ ಮನೆಯ ಬೆನ್ನನ್ನು ನೂಕುತ್ತದೆ. ಮನೆಯ ಬ್ರೇಕುಗಳು ತನ್ನ ಭಾರದ ಜೊತೆಗೆ ಅದನ್ನೂ ಹೊರಬೇಕು. ಮಳೆ ಬಿದ್ದ ತಿರುವಿನಲ್ಲಾದರೆ ಕಾರು ಮನೆಯ ಹಿಂಭಾಗವನ್ನು ಪಕ್ಕಕ್ಕೆ ತಳ್ಳಿ, ಎರಡೂ ಚಾಕು ಮಡಿಚಿದಂತೆ ಮಡಿಚಿಕೊಳ್ಳುವ ಭಯವುಂಟು.

ಆದ್ದರಿಂದ ಕಾರಿನ ಬ್ರೇಕನ್ನೂ ತುಳಿಯಬೇಕು. ತುಳಿಯಲು ಕಾರಿನಲ್ಲಿ ಕಾಲಿಲ್ಲ. ಈ ಕೊರತೆಯನ್ನು ನೀಗಿಸಲು ಒಂದು ಪೆಟ್ಟಿಗೆ ಬಂದಿದೆ. ಚಾಲಕನ ಕಾಲಿಡುವ ತಾಣದಲ್ಲಿ ಅದನ್ನು ಕೂರಿಸಿ, ಬೆನ್ನನ್ನು ಆಸನಕ್ಕೆ ಒರಗಿಸಿ, ಅದರ ಕೈಯನ್ನು ಬ್ರೇಕಿನ ಪೆಡಲಿಗೆ ಕಚ್ಚಿಸುತ್ತಾರೆ. ಮುಂದಿನ ಮನೆ ವೇಗ ತಗ್ಗಿಸಿದ್ದನ್ನು ಪೆಟ್ಟಿಗೆಯೊಳಗಿನ ಸೂಕ್ಷ್ಮ ಯಂತ್ರ ಅರಿತು, ಅದಕ್ಕೆ ತಕ್ಕಷ್ಟು ಬಲದಿಂದ ಪೆಡಲನ್ನು ಒತ್ತುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಎಳೆಯುವ ವಾಹನದ ತೂಕ 3,000 ಪೌಂಡು ದಾಟಿದರೆ ಅದಕ್ಕೆ ಬ್ರೇಕು ಕಡ್ಡಾಯ. ಕೆಲವೆಡೆ ಮಿತಿ ಇನ್ನೂ ಕಡಮೆ. ಕಾನೂನು ಕೇಳದ ಕಡೆಯಲ್ಲಿ ಖರ್ಚು ಉಳಿಸುವವರೂ ಇಲ್ಲದಿಲ್ಲ. ಆ ಉಳಿತಾಯ ಯಾರ ಲೆಕ್ಕಕ್ಕೆ ಎಂಬುದು ಸುರಂಗದ ಆಚೆಯ ಇಳಿಜಾರಿನಲ್ಲಿ ತಿಳಿಯುತ್ತದೆ.

ಪೆಟ್ಟಿಗೆ ಇದ್ದಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಅದನ್ನು ಅತಿ ಸೂಕ್ಷ್ಮವಾಗಿ ಹೊಂದಿಸಿದರೆ ಇಳಿಜಾರಿನುದ್ದಕ್ಕೂ ಬ್ರೇಕನ್ನು ಹಗುರವಾಗಿ ಒತ್ತಿಹಿಡಿದೇ ಇರುತ್ತದೆ. ಮೈಲಿಗಟ್ಟಲೆ ಉಜ್ಜಿದ ಬ್ರೇಕು ಕಾದು ಕೆಂಪಾಗಿ ಹೊಗೆಯಾಡುತ್ತದೆ, ಟಯರಿಗೂ ಬೆಂಕಿ ತಾಗಬಹುದು. ಮುಂದೆ ಕುಳಿತವರಿಗೆ ಹಾಡು ಕೇಳುತ್ತಿರುತ್ತದೆಯೇ ಹೊರತು ಐವತ್ತು ಅಡಿ ಹಿಂದಿನ ಹೊಗೆ ಕಾಣುವುದಿಲ್ಲ. ಇದಕ್ಕಾಗಿಯೇ ಮನೆಯ ಹಿಂಬದಿಗೊಂದು ಕ್ಯಾಮೆರಾ, ಕಾರಿನ ಟಯರುಗಳಿಗೆ ಗಾಳಿಯ ಒತ್ತಡ ತಿಳಿಸುವ ಸಾಧನ, ಬ್ರೇಕು ಬಿದ್ದಾಗ ಮುಂದೆ ಹೊತ್ತುವ ದೀಪ, ಇವನ್ನೆಲ್ಲ ಜೋಡಿಸುತ್ತಾರೆ.

ಯಾವ ಮನೆ ಎಷ್ಟು ಎಳೆಯಬಲ್ಲದೆಂಬ ಲೆಕ್ಕವೂ ಉಂಟು. ದೊಡ್ಡ ಮೋಟಾರು ಮನೆಗಳಿಗೆ ಬಹುಕಾಲ ಆಧಾರವಾಗಿದ್ದ ಫೋರ್ಡ್ ಎಫ್-53 ಚಾಸಿಯ ಒಂದು ಮಾದರಿಯಲ್ಲಿ ಮನೆ ತುಂಬಿದ ತೂಕದ ಮಿತಿ 22,000 ಪೌಂಡು. ಮನೆ, ಕಾರು ಎರಡೂ ಸೇರಿದ ಮಿತಿ 26,000. ಮನೆಯನ್ನು ಅದರ ಮಿತಿಯವರೆಗೆ ತುಂಬಿದರೆ ಕಾರಿಗೆ ಉಳಿಯುವುದು 4,000. ಮಂಚದ ಕೆಳಗೆ ತುರುಕಿದ ಪುಸ್ತಕಗಳೂ ತೊಟ್ಟಿಯ ನೀರೂ ತೂಕವೇ ಎಂಬುದನ್ನು ಮರೆಯುವವರು ಬಹಳ.

ಹಿಂದಕ್ಕೆ ಹೋಗದ ಜೋಡಿ

ಈ ಪದ್ಧತಿಗೆ ಒಂದು ವಿಚಿತ್ರ ಶಾಪವಿದೆ: ಮುಂದಕ್ಕೆ ಎಷ್ಟು ದೂರವಾದರೂ ಹೋಗಬಹುದು, ಹಿಂದಕ್ಕೆ ಹೋಗುವಂತಿಲ್ಲ.

ಕಾರಣ ಆಸ್ಪತ್ರೆಯ ತಳ್ಳುಗಾಡಿಯಲ್ಲಿದೆ. ಅದರ ಪುಟ್ಟ ಗಾಲಿಗಳು ತಳ್ಳಿದ ದಿಕ್ಕಿಗೆ ತಾವೇ ತಿರುಗಿಕೊಂಡು ಹಿಂದೆ ಬರುತ್ತವೆ. ದಿಕ್ಕು ಬದಲಿಸಿದೊಡನೆ ಗಿರಕ್ಕನೆ ಹೊರಳುತ್ತವೆ. ಕಾರಿನ ಮುಂಗಾಲಿಗಳನ್ನೂ ಇದೇ ತತ್ತ್ವದ ಮೇಲೆ ಸ್ವಲ್ಪ ಓರೆಯಾಗಿ ಕೂರಿಸಿರುತ್ತಾರೆ. ಆದ್ದರಿಂದಲೇ ಎಳೆದಾಗ ಅವು ತಾವಾಗಿ ನೇರವಾಗುತ್ತವೆ, ತಿರುವಿನಲ್ಲಿ ಮನೆಯನ್ನು ಹಿಂಬಾಲಿಸುತ್ತವೆ. ಹಿಂದಕ್ಕೆ ನೂಕಿದರೆ ಅದೇ ಗುಣ ತಿರುಗಿಬೀಳುತ್ತದೆ. ಸ್ಟಿಯರಿಂಗ್ ಒಮ್ಮೆಲೇ ಕೊನೆಯವರೆಗೆ ಹೊರಳಿ, ಮುಂಗಾಲಿಗಳು ಅಡ್ಡವಾಗಿ ನಿಂತು, ಟಯರು ಉಜ್ಜಿ, ಸಲಾಕೆ ಬಾಗುತ್ತದೆ. ಕೆಲವು ಅಡಿಗಳೇ ಸಾಕು.

ಹೀಗಾಗಿ ದಾರಿ ತಪ್ಪಿ ಕುರುಡು ಗಲ್ಲಿಗೆ ನುಗ್ಗಿದರೆ, ಪೆಟ್ರೋಲು ಬಂಕಿನ ಇಕ್ಕಟ್ಟಿನ ಮೂಲೆಗೆ ಸಿಕ್ಕಿದರೆ, ನಡುರಸ್ತೆಯಲ್ಲೇ ಕಾರನ್ನು ಬಿಚ್ಚಬೇಕು. ಬಾಹುಗಳು ವಾರೆಯಾಗಿ ಬಿಗಿದುಕೊಂಡಿದ್ದರೆ ಪಿನ್ನು ಅಲ್ಲಾಡುವುದಿಲ್ಲ, ಸುತ್ತಿಗೆ ತರಬೇಕು. ಹಿಂದೆ ನಿಂತ ಹತ್ತು ವಾಹನಗಳ ಹಾರನ್ನು, ದಂಪತಿಗಳ ನಡುವೆ ಒಂದೆರಡು ಬಿಸಿ ಮಾತು. ಅನುಭವಸ್ಥರು ಪೇಟೆಯೊಳಗೆ ನುಗ್ಗುವ ಮೊದಲೇ ನಕ್ಷೆಯನ್ನು ಬಿಡಿಸಿ ನೋಡುತ್ತಾರೆ.

ಹೊರಡುವ ಮುನ್ನ

ಅರಿಜೋನಾದ ಕ್ವಾರ್ಟ್‌ಸೈಟ್ ಎಂಬ ಚಿಕ್ಕ ಊರಿನ ಸುತ್ತಲಿನ ಮರುಭೂಮಿಗೆ ಪ್ರತಿ ಚಳಿಗಾಲದಲ್ಲೂ ಉತ್ತರದ ಹಿಮ ತಾಳಲಾರದ ನಿವೃತ್ತರು ಮೋಟಾರು ಮನೆಗಳೊಡನೆ ಬಂದಿಳಿಯುತ್ತಾರೆ. ಬಯಲೆಲ್ಲ ಚಕ್ರದ ಮನೆಗಳ ಊರಾಗುತ್ತದೆ. ಬೆಳಗಿನ ಹೊತ್ತು ಅಲ್ಲಿ ಹೊರಟು ನಿಂತ ಯಾವ ಜೋಡಿಯನ್ನು ನೋಡಿದರೂ ಒಂದೇ ತೆರನಾದ ನಾಟಕ ಕಾಣುತ್ತದೆ. ಒಬ್ಬರು ಮನೆಯ ಚಾಲಕಸ್ಥಾನದಲ್ಲಿ, ಒಬ್ಬರು ಕಾರಿನ ಹಿಂದೆ. “ಎಡ ದೀಪ?” “ಹೊತ್ತಿತು.” “ಬಲ?” “ಹೊತ್ತಿತು.” “ಬ್ರೇಕು?” “ಇನ್ನೊಮ್ಮೆ ತುಳಿಯಿರಿ.” ಆಮೇಲೆ ಕಾರಿನೊಳಗೆ ತಲೆ ತೂರಿಸಿ ಮೂರು ಮಾತು ಖಚಿತ ಮಾಡಿಕೊಳ್ಳಬೇಕು. ಗೇರು ಸರಿಯಾದ ಸ್ಥಾನದಲ್ಲಿದೆಯೆ? ಸ್ಟಿಯರಿಂಗಿನ ಬೀಗ ತೆಗೆದಿದೆಯೆ? ಕೈಬ್ರೇಕು ಬಿಟ್ಟಿದೆಯೆ?

ಮೂರನೆಯದನ್ನು ಮರೆತವರ ಸಂಖ್ಯೆಯೇ ದೊಡ್ಡದೆಂದು ಹೇಳಬೇಕು. ಮನೆಯ ಎಂಜಿನ್ ಬಲಿಷ್ಠ. ಬ್ರೇಕು ಬಿಗಿದ ಕಾರನ್ನೂ ಹಠಮಾರಿ ಹೋರಿಯನ್ನು ಎಳೆದಂತೆ ಎಳೆದುಬಿಡುತ್ತದೆ, ಚಾಲಕನಿಗೆ ಗೊತ್ತೂ ಆಗುವುದಿಲ್ಲ. ಹಿಂದಿನಿಂದ ಬಂದ ಯಾರೋ ದೀಪ ಮಿನುಗಿಸಿ, ಕೈಬೀಸಿ ನಿಲ್ಲಿಸುವ ಹೊತ್ತಿಗೆ ಹಿಂದಿನ ಎರಡು ಟಯರುಗಳು ಒಂದೇ ಕಡೆ ಸವೆದು ಚಪ್ಪಟೆಯಾಗಿರುತ್ತವೆ. ಸ್ಟಿಯರಿಂಗ್ ಬೀಗಕ್ಕಾಗಿ ಕೀಲಿಯನ್ನು ಅರ್ಧ ತಿರುಗಿಸಿಟ್ಟರೆ ಇನ್ನೊಂದು ಪೇಚು: ದಿನವಿಡೀ ಬ್ಯಾಟರಿ ಸೋರಿ, ಸಂಜೆ ಬಿಚ್ಚಿ ನಿಲ್ಲಿಸಿದ ಕಾರು ಸದ್ದೇ ಮಾಡುವುದಿಲ್ಲ. ಅದಕ್ಕೆ ಮನೆಯಿಂದಲೇ ಕಾರಿನ ಬ್ಯಾಟರಿಗೆ ವಿದ್ಯುತ್ ಊಡುವ ತಂತಿಯನ್ನು ಹಾಕಿಸಿಕೊಳ್ಳುತ್ತಾರೆ. ಹೊರಡುವ ಪಟ್ಟಿಯನ್ನು ಕಾಗದದ ಮೇಲೆ ಬರೆದು ಅಡಿಗೆ ಬೀರುವಿನ ಬಾಗಿಲಿಗೆ ಅಂಟಿಸಿಕೊಂಡ ಮನೆಗಳುಂಟು. ಪಟ್ಟಿ ಓದುತ್ತಿರುವಾಗ ನೆರೆಯವರು ಬಂದು ಮಾತಿಗೆ ನಿಂತರೆ, ಮತ್ತೆ ಮೊದಲಿನಿಂದ ಓದಬೇಕೆಂಬುದು ಅಲ್ಲಿಯ ಹಳಬರ ಕಟ್ಟುನಿಟ್ಟು.

ಗಡಿ ದಾಟಿದರೆ ನ್ಯಾಯವೂ ಬೇರೆಯಾಗುತ್ತದೆ. ಬ್ರಿಟನ್ನಿನಲ್ಲಿ ಸಲಾಕೆಗೆ ಸಿಕ್ಕಿಸಿದ ಕಾರು ಕಾರಲ್ಲ, ಟ್ರೇಲರು ಎಂದೇ ಎಣಿಕೆ; 750 ಕಿಲೋಗ್ರಾಮ್ ಮೀರಿದ್ದಕ್ಕೆ ಕೆಲಸ ಮಾಡುವ ಬ್ರೇಕು ಬೇಕು. ಅದೇ ಜೋಡಿ ಚಳಿಗಾಲದ ಬಿಸಿಲನ್ನರಸಿ ಸ್ಪೇನಿಗೆ ಇಳಿದರೆ ಅಲ್ಲಿಯ ಪೋಲೀಸರು ತಡೆದು ದಂಡ ಹಾಕಬಹುದು. ಕೆಟ್ಟಿಲ್ಲದ ಕಾರನ್ನು ಇನ್ನೊಂದು ವಾಹನ ಹೀಗೆ ಎಳೆಯುವುದು ಅಲ್ಲಿ ಸಮ್ಮತವಲ್ಲ. ಅಮೆರಿಕದೊಳಗೂ ಜೋಡಿಯ ಒಟ್ಟು ಉದ್ದಕ್ಕೆ ಮಿತಿಯುಂಟು, ಹಲವು ರಾಜ್ಯಗಳಲ್ಲಿ 60 ಅಥವಾ 65 ಅಡಿ.

ಕ್ವಾರ್ಟ್‌ಸೈಟ್‌ನಿಂದ ಬೆಳಗ್ಗೆ ಹೊರಟ ಜೋಡಿ ಸಂಜೆ ಇನ್ನೊಂದು ತಂಗುದಾಣಕ್ಕೆ ಬಂದಿಳಿಯುತ್ತದೆ. ಒಳಗೆ ಹೋಗುವ ಮೊದಲು, ದಾರಿಯ ನೇರವಾದ ಭಾಗದಲ್ಲಿ ನಿಲ್ಲಿಸಿ ಎರಡು ಪಿನ್ನು ಕಿತ್ತು, ತಂತಿ ಬಿಚ್ಚಿ, ಸಲಾಕೆಯನ್ನು ಮನೆಯ ಬೆನ್ನಿಗೆ ಮಡಿಚುತ್ತಾರೆ. ಪೆಡಲಿನ ಪೆಟ್ಟಿಗೆಯನ್ನು ತೆಗೆದು ಹಿಂದಿನ ಆಸನದ ಮೇಲಿಡುತ್ತಾರೆ. ಒಬ್ಬರು ಕೊಳವೆ, ತಂತಿಗಳ ಕೆಲಸಕ್ಕೆ ತೊಡಗಿದರೆ ಇನ್ನೊಬ್ಬರು ಕಾರಿನ ಕೀಲಿ ತಿರುಗಿಸುತ್ತಾರೆ. ಇಡೀ ದಿನ ಇನ್ನೂರು ಮುನ್ನೂರು ಮೈಲಿ ನಿದ್ರಿಸುತ್ತ ಬಂದ ಎಂಜಿನ್ ಎಚ್ಚೆತ್ತು ಸದ್ದು ಮಾಡುತ್ತದೆ. ಅಂಗಡಿ ಮುಚ್ಚಲು ಇನ್ನೂ ಅರ್ಧ ಗಂಟೆಯಿದೆ. ಹಾಲು ತರಬೇಕು.